ಅಂಬೆಗಾಲು ಕೃಷ್ಣನ ಊರಿಗೆ ಅಂಬೆಗಾಲಿನವಳ ಜೊತೆ

ಬೆಂಗಳೂರಿನಿಂದ ಮೈಸೂರಿಗೆ ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದರೆ ಚನ್ನಪಟ್ಟಣ ಕಣ್ಣಿಗೇ ಬೀಳುವುದಿಲ್ಲ. 2023ರಲ್ಲಿ ಆ ರಸ್ತೆ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ ಮೂರೂ ಬೈಪಾಸಿನ ಆಚೆ ಉಳಿದುಕೊಂಡಿವೆ. ಆಫೀಸಿನವರ ಜೊತೆ ಹೋಗುವಾಗ ಅದೇ ಚೆನ್ನ. ಆದರೆ ಹಿಂದಿನ ಸೀಟಿನಲ್ಲಿ 11 ತಿಂಗಳ ಮಗು, ಅದರ ಪಕ್ಕದಲ್ಲಿ ಅತ್ತೆ ಇದ್ದರೆ ಹಳೇ ರಸ್ತೆಯೇ ವಾಸಿ. ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನಾವು ಮೂರು ಕಡೆ ನಿಲ್ಲಿಸಿದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ, ರಾಮನಗರದ ಬಂಡೆಗಳು ಕಾಣುವ ಕಡೆ ಡೈಪರ್‌ಗೆ, ಇನ್ನೊಂದು ಕಡೆ ಬರೀ ಒಂದು ಎಮ್ಮೆಗೆ.

ಎಮ್ಮೆ ನೋಡಿ ನಮ್ಮ ಪುಟ್ಟಿ "ಬ್ಬೆ" ಅಂದಳು. ಹಿಂದಿನ ದಿನ ಟ್ಯೂಬ್‌ಲೈಟಿಗೂ ಹಾಗೇ ಅಂದಿದ್ದಳು. "ಎಮ್ಮೆ ಅಂದ್ಲು ಕಣವ್ವ, ಕೇಳಿಸ್ಲಿಲ್ವಾ?" ಅಂತ ಅತ್ತೆ ತೀರ್ಮಾನ ಕೊಟ್ಟರು. ಅವರು ಮಂಡ್ಯ ಕಡೆಯವರು, ಒಮ್ಮೆ ತೀರ್ಮಾನ ಕೊಟ್ಟರೆ ಮುಗೀತು.

ನಾವು ಹೊರಟಿದ್ದು ದೊಡ್ಡಮಳೂರಿಗೆ. ಚನ್ನಪಟ್ಟಣ ದಾಟಿ ಮೈಸೂರು ಕಡೆಗೆ ಸುಮಾರು ಮೂರು ಕಿಲೋಮೀಟರ್ ಹೋದರೆ ಸಿಗುವ ಊರು. ಅಲ್ಲಿರುವುದು ಅಪ್ರಮೇಯ ಸ್ವಾಮಿಯ ದೇವಸ್ಥಾನ. ಆದರೆ ಬಸ್ಸಿನಲ್ಲಿ, ಹೋಟೆಲಿನಲ್ಲಿ ಯಾರನ್ನೇ ಕೇಳಿ, "ಅಂಬೆಗಾಲು ಕೃಷ್ಣನ ದೇವಸ್ಥಾನವಾ?" ಅಂತಲೇ ತಿರುಗಿ ಕೇಳುತ್ತಾರೆ. ಮುಖ್ಯ ದೇವರು ಅಪ್ರಮೇಯನೇ. ಒಳಗೆ ಪ್ರಾಕಾರದ ಸಣ್ಣ ಗುಡಿಯಲ್ಲಿರುವ ನವನೀತ ಕೃಷ್ಣ ಮಾತ್ರ ಊರಿನ ಹೆಸರನ್ನೆಲ್ಲ ತನ್ನ ಕಡೆ ಎಳೆದುಕೊಂಡಿದ್ದಾನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದೇನೂ ಹೊಸದಲ್ಲ.

ಹರಕೆ ಅತ್ತೆಯದು.

ಪುಟ್ಟಿ ಹುಟ್ಟಿದ್ದು 33ನೇ ವಾರದಲ್ಲಿ, ಡಾಕ್ಟರ್ ಕೊಟ್ಟ ತಾರೀಖಿಗಿಂತ ಏಳು ವಾರ ಮೊದಲು. ತೂಕ 1 ಕೆಜಿ 800 ಗ್ರಾಂ. 19 ದಿನ ಎನ್‌ಐಸಿಯುನಲ್ಲಿದ್ದಳು. ನಾನು ಮಾನಿಟರಿನ ಅಂಕಿ ನೋಡುತ್ತಾ ಕೂತಿರುತ್ತಿದ್ದೆ. ಆಮ್ಲಜನಕ 94, 95, 92, ಮತ್ತೆ 95. ಕೆಲಸದಲ್ಲಿ ಡ್ಯಾಶ್‌ಬೋರ್ಡ್ ನೋಡಿ ಅಭ್ಯಾಸ ಇರುವವಳಿಗೂ ಆ ಒಂದು ಅಂಕಿಯನ್ನು ಹೀಗೆ ಕಣ್ಣು ಮಿಟುಕಿಸದೆ ನೋಡಿ ಗೊತ್ತಿರಲಿಲ್ಲ. ಅತ್ತೆ ಬಾಗಿಲಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಮ್ಮ ಪಾಡಿಗೆ ಕೃಷ್ಣನ ಜೊತೆ ವ್ಯವಹಾರ ಕುದುರಿಸುತ್ತಿದ್ದರು. "ಅಪ್ಪಾ, ಈ ಕೂಸು ಅಂಬೆಗಾಲಿಟ್ಟ ತಿಂಗ್ಳು ನಿನ್ ತಾವಿಗೆ ಕರ್ಕೊಂಡ್ ಬತ್ತೀನಿ. ಒಂದು ತೊಟ್ಲು, ಒಂದು ಮುದ್ದೆ ಬೆಣ್ಣೆ." ನಡೆದ ದಿನ ಅಂತ ಕೇಳಲಿಲ್ಲ, ಮಾತಾಡಿದ ದಿನ ಅಂತಲೂ ಅಲ್ಲ. ಯಾಕೆ ಅಂತ ಆಮೇಲೆ ಕೇಳಿದಾಗ ಅವರು ಅಂದಿದ್ದು ಇಷ್ಟೇ: "ಅವ್ನು ಅಷ್ಟೇ ಅಲ್ವೇ ಇರೋದು? ಅವ್ನ್ ವಾರ್ಗೆಯೋಳು ಅಂತ ನೋಡ್ಲಿ ಅಂತ."

ಎರಡನೇ ವಾರದಿಂದ ನರ್ಸ್ ಮಗುವನ್ನು ನನ್ನ ಎದೆಗೆ ಅಂಟಿಸಿ ಗಂಟೆಗಟ್ಟಲೆ ಕೂರಿಸುತ್ತಿದ್ದರು. ಕಾಂಗರೂ ಆರೈಕೆ ಅನ್ನುತ್ತಾರೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ. ಅವಳು ಅವತ್ತು ನನ್ನ ಅಂಗೈಯಿಂದ ಮೊಣಕೈವರೆಗೂ ಬರುತ್ತಿರಲಿಲ್ಲ.

ಹೀಗೆ ಬೇಗ ಹುಟ್ಟಿದ ಮಕ್ಕಳಿಗೆ ಎರಡು ವಯಸ್ಸು ಇರುತ್ತದೆ. ಒಂದು ಆಧಾರ್ ಕಾರ್ಡಿನದು. ಇನ್ನೊಂದು, ಹುಟ್ಟಬೇಕಿದ್ದ ದಿನದಿಂದ ಲೆಕ್ಕ ಹಾಕುವುದು. ಬೆಳವಣಿಗೆ ನೋಡುವಾಗ ಎರಡು ವರ್ಷದವರೆಗೂ ಡಾಕ್ಟರುಗಳು ಎರಡನೆಯದನ್ನೇ ಹಿಡಿಯುತ್ತಾರೆ. ಅಂದರೆ ಪುಟ್ಟಿಗೆ 11 ತಿಂಗಳೂ ಹೌದು, ಒಂಬತ್ತೂವರೆಯೂ ಹೌದು. ಇದನ್ನು ನೆಂಟರಿಗೆ ಅರ್ಥ ಮಾಡಿಸುವುದು ಎಷ್ಟು ಕಷ್ಟ ಅಂತ ಅನುಭವ ಇದ್ದವರಿಗೇ ಗೊತ್ತು. "ಇನ್ನೂ ಅಂಬೆಗಾಲಿಲ್ವಾ? ನಮ್ಮ ಹುಡುಗ ಎಂಟಕ್ಕೇ ಕೈಗೆ ಸಿಗ್ತಿರ್ಲಿಲ್ಲ." ಮದುವೆ ಮನೆ, ಗೃಹಪ್ರವೇಶ, ಲಿಫ್ಟ್, ಎಲ್ಲೆಲ್ಲೂ ಇದೇ.

ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕದ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಕೈ ಮತ್ತು ಮಂಡಿಯ ಮೇಲೆ ಅಂಬೆಗಾಲು ಇಡುವುದು 5.2 ತಿಂಗಳಿಂದ 13.5 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಯಾರ ಆಸರೆಯೂ ಇಲ್ಲದೆ ನಡೆಯುವುದು 8.2ರಿಂದ 17.6 ತಿಂಗಳು. ನಮ್ಮ ಕ್ಲೈಂಟ್‌ಗಳೂ ಇಷ್ಟು ಸಡಿಲ ಡೆಡ್‌ಲೈನ್ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಆ ಮಕ್ಕಳಲ್ಲಿ ಶೇ 4.3ರಷ್ಟು ಅಂಬೆಗಾಲೇ ಇಡಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಂತೂ 2022ರಲ್ಲಿ ತನ್ನ ಮೈಲಿಗಲ್ಲುಗಳ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ನೆಂಟರಿಗೆ ಕಳಿಸಲು ಇವನ್ನೆಲ್ಲ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ. ಬೇಕಾದವರು ಉಪಯೋಗಿಸಿಕೊಳ್ಳಿ.

ಲೆಕ್ಕ ಹಾಗಿರಲಿ. ಪಟ್ಟಿಯಿಂದ ತೆಗೆದರೂ ಅಂಬೆಗಾಲಿನಷ್ಟು ಚೆಂದ ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ಅದೇನು ಒಂದೇ ದಿನದಲ್ಲಿ ಬರುವುದಲ್ಲ. ಬೋರಲು ಬಿದ್ದಿದ್ದಕ್ಕೆ ಅತ್ತೆ ದೋಸೆ ಹುಯ್ದರು. ಆಮೇಲೆ ಪುಟ್ಟಿ ಹೊಟ್ಟೆ ಮೇಲೆ ಗಿರಗಿಟ್ಲೆ ತಿರುಗುತ್ತಿದ್ದಳು, ಮುಂದೆ ಹೋಗುತ್ತಿರಲಿಲ್ಲ. ಆಮೇಲೆ ಹೋದಳು, ಹಿಂದಕ್ಕೆ! ಎದುರಿಗಿರುವ ಗೊಂಬೆ ಹಿಡಿಯಲು ಕೈ ಒತ್ತಿದಷ್ಟೂ ಗೊಂಬೆ ದೂರ ಹೋಗುತ್ತದೆ. ಅವಳ ಮುಖದಲ್ಲಿ ಆಗ ಬರುತ್ತಿದ್ದ ಆಶ್ಚರ್ಯವನ್ನು ನೋಡಲು ನಾನೂ ನನ್ನ ಗಂಡನೂ ಸರದಿ ಹಚ್ಚುತ್ತಿದ್ದೆವು. ಒಂದು ದಿನ ಹಾಗೇ ಜಾರಿ ಜಾರಿ ಮಂಚದ ಕೆಳಗೆ ಸೇರಿಕೊಂಡು, ಒಳಗಿಂದ ನಮ್ಮನ್ನೇ ಬೈದಳು. ಒಂದು ತಿಂಗಳು ಮೊಣಕೈ ಮೇಲೆ ತೆವಳುವುದು. ನಂತರ ನಾಲ್ಕೂ ಕಾಲಿನ ಮೇಲೆ ಎದ್ದು ಹಿಂದೆ ಮುಂದೆ ಜೀಕುವುದು, ಪರೀಕ್ಷೆಗೆ ಮುಂಚೆ ಎಂಜಿನ್ ರೈಸ್ ಮಾಡುವವರ ಹಾಗೆ.

ಹೋದ ತಿಂಗಳು ಒಂದು ಗುರುವಾರ ಸಂಜೆ ನಾನು ಕಾಲ್‌ನಲ್ಲಿದ್ದೆ. ಹಾಲ್‌ನಲ್ಲಿ ಸದ್ದು ಕೇಳಿಸಿತು. ಚಟ್, ಚಟ್, ಚಟ್. ಟೈಲ್ಸ್ ಮೇಲೆ ಅಂಗೈ ಬೀಳುವ ಸದ್ದು. ತಿರುಗಿ ನೋಡಿದರೆ ನನ್ನ ಲ್ಯಾಪ್‌ಟಾಪ್ ಚಾರ್ಜರಿನ ಸಣ್ಣ ಹಸಿರು ದೀಪದ ಮೇಲೆ ಕಣ್ಣಿಟ್ಟು, ಮಂಡಿ ಮೇಲೆ, ಎಡಗೈ ಬಲಮಂಡಿ, ಬಲಗೈ ಎಡಮಂಡಿ, ತಪ್ಪದೆ ಬರುತ್ತಿದ್ದಾಳೆ. ನಾನು ಮ್ಯೂಟ್‌ನಲ್ಲಿದ್ದೆ, ಪುಣ್ಯ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ಎನ್‌ಐಸಿಯುನಲ್ಲೂ ನೋಡಿರಲಿಲ್ಲ.

ಆ ವಾರದಿಂದ ಎಲ್ಲವೂ ಒಟ್ಟಿಗೇ ಬಂದವು. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದೊಂದೇ ಮಂಡಕ್ಕಿ ಎತ್ತುವುದು. ಬಟ್ಟೆ ಕೆಳಗೆ ಮುಚ್ಚಿಟ್ಟ ಚಮಚ ಎಲ್ಲೂ ಹೋಗಿಲ್ಲ ಅಂತ ಗೊತ್ತಾಗಿ, ಬಟ್ಟೆ ಎಳೆದು ಎತ್ತಿಕೊಂಡು ಗೆದ್ದವಳ ಹಾಗೆ ನೋಡುವುದು. "ಬೇಡ" ಅಂದರೆ ನಿಂತು, ನಮ್ಮ ಮುಖ ನೋಡಿ, ನಕ್ಕು, ಅದನ್ನೇ ಮಾಡುವುದು.

ದೊಡ್ಡಮಳೂರಿಗೆ ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಕಲ್ಲು ಹಾಸೂ ಕಾಯುತ್ತದೆ. ಅಪ್ರಮೇಯನಿಗೆ, ಅರವಿಂದವಲ್ಲಿ ಅಮ್ಮನವರಿಗೆ ಕೈಮುಗಿದು ಕೃಷ್ಣನ ಗುಡಿ ಮುಂದೆ ಬಂದೆವು. ಕಪ್ಪು ಕಲ್ಲಿನ ಪುಟ್ಟ ಮೂರ್ತಿ. ಮಂಡಿಯೂರಿದ್ದಾನೆ, ಕೈಯಲ್ಲಿ ಬೆಣ್ಣೆ. ಪುರಂದರದಾಸರು "ಜಗದೋದ್ಧಾರನ" ಹಾಡು ಕಟ್ಟಿದ್ದು ಇವನನ್ನು ನೋಡಿಯೇ ಅಂತ ಇಲ್ಲಿಯವರ ನಂಬಿಕೆ. ಉಡುಪಿಯಲ್ಲಿ ಇದೇ ಕೃಷ್ಣ ಕಡಗೋಲು ಹಿಡಿದು ಎದ್ದು ನಿಂತಿದ್ದಾನೆ. ಬೇರೆ ಕಡೆ ಕೊಳಲು ಊದುತ್ತಾನೆ, ರಥ ಓಡಿಸುತ್ತಾನೆ. ಇಲ್ಲಿ ಮಾತ್ರ ಇನ್ನೂ ಎದ್ದಿಲ್ಲ. ಯಾವಾಗ ನಡೆಯುತ್ತಾನೆ ಅಂತ ಯಾರೂ ಕೇಳುವುದೂ ಇಲ್ಲ. ಅಂಬೆಗಾಲಿನಲ್ಲಿರುವಾಗಲೇ ಪೂರ್ತಿ ದೇವರು ಅಂತ ಒಪ್ಪಿಕೊಂಡು ತಲೆತಲಾಂತರದಿಂದ ಬೆಣ್ಣೆ ಕೊಡುತ್ತಿದ್ದಾರೆ. ನಾನು ದಿನಾ ಪೂಜೆ ಮಾಡುವವಳಲ್ಲ, ಆದರೂ ಈ ವಿಷಯದಲ್ಲಿ ನಾನು ಪೂರ್ತಿ ಈ ಊರಿನವರ ಕಡೆ.

ಗುಡಿಯ ಹತ್ತಿರ ಹರಕೆಯ ತೊಟ್ಟಿಲುಗಳು ನೇತಾಡುತ್ತವೆ. ಮರದವು, ಅಂಗೈಯಗಲದವು. ಮಕ್ಕಳಾಗಲಿ ಅಂತ ಕಟ್ಟಿದವೂ ಇವೆ, ಆಯಿತು ಅಂತ ಕಟ್ಟಿದವೂ ಇವೆ. ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ನಮ್ಮ ಪಕ್ಕದಲ್ಲಿ ಒಂದು ಜೋಡಿ ಇತ್ತು, ನಮ್ಮದೇ ವಯಸ್ಸು. ಆಕೆ ತೊಟ್ಟಿಲಿನ ದಾರಕ್ಕೆ ಗಂಟು ಹಾಕಿ ಮುಗಿಸಿ, ಪುಟ್ಟಿಯನ್ನೇ ನೋಡುತ್ತಾ ನಿಂತರು. "ಒಂದ್ನಿಮಿಷ ಎತ್ಕೊಳ್ಲಾ ಅಕ್ಕಾ?" ಅಂತ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅತ್ತೆ, "ತಕ್ಕೋ ಮಗಾ, ಅದ್ಕೇನು" ಅಂತ ಕೊಟ್ಟೇಬಿಟ್ಟರು. ಹೊಸಬರ ಹತ್ತಿರ ಹೋದರೆ ತಾರಕಕ್ಕೇರುವ ಹುಡುಗಿ ಅವತ್ತು ಅವರ ಸರ ಹಿಡಿದು ಬಾಯಿಗೆ ಹಾಕಿಕೊಂಡು ಸುಮ್ಮನಿದ್ದಳು. ಆಕೆಯ ಗಂಡ ಫೋನ್ ತೆಗೆಯಲು ಜೇಬಿಗೆ ಕೈ ಹಾಕಿದವರು ಮತ್ತೆ ಹಾಗೇ ಕೈ ತೆಗೆದರು. ಏನು ಮಾತಾಡಬೇಕೋ ನನಗೆ ತೋಚಲಿಲ್ಲ. ಅವರು ಮಗುವನ್ನು ವಾಪಸ್ ಕೊಡುವಾಗ "ಎಷ್ಟು ತಿಂಗ್ಳು?" ಅಂದರು. ಎರಡು ವಯಸ್ಸಿನ ವಿವರಣೆ ಬಾಯಿಗೆ ಬರಲಿಲ್ಲ. "ಹನ್ನೊಂದು" ಅಂದೆ.

ಆಮೇಲೆ ಅತ್ತೆ ಪುಟ್ಟಿಯನ್ನು ಪ್ರಾಕಾರದ ಕಲ್ಲಿನ ಮೇಲೆ ಬಿಟ್ಟರು. ಕಲ್ಲು ತಣ್ಣಗಿತ್ತು. ಮನೆಯ ಟೈಲ್ಸ್ ಹಾಗೆ ಜಾರುವುದಿಲ್ಲವಲ್ಲ, ಅವಳಿಗೆ ಒಳ್ಳೇ ಹಿಡಿತ ಸಿಕ್ಕಿತು. ಕಂಬದಿಂದ ಕಂಬಕ್ಕೆ ಹೊರಟೇಬಿಟ್ಟಳು. ದಾರಿಯಲ್ಲಿ ಒಂದು ಇರುವೆ, ಒಂದು ತುಳಸಿ ಎಲೆ, ಯಾರದೋ ಕಾಲುಂಗುರ, ಎಲ್ಲದಕ್ಕೂ ನಿಂತು ತಪಾಸಣೆ. ಬೆಣ್ಣೆ ಪ್ರಸಾದವನ್ನು ಅತ್ತೆ ಬೆರಳ ತುದಿಯಲ್ಲಿ ನಾಲಿಗೆಗೆ ಸವರಿದರು. ಅವಳು ಚಪ್ಪರಿಸಿ, ಇನ್ನೂ ಬೇಕು ಅಂತ ಅವರ ಮುಂಗೈ ಹಿಡಿದು ಎಳೆದಳು.

ಅಲ್ಲಿಗೆ ಹೋದವರು ಚನ್ನಪಟ್ಟಣದ ಗೊಂಬೆ ಅಂಗಡಿ ನೋಡದೆ ಬರಬೇಡಿ. ಸಾಧ್ಯವಾದರೆ ರಸ್ತೆ ಬದಿಯ ಅಂಗಡಿಗಿಂತ ಒಳಗಡೆ, ಕಡೆಯುವ ಮನೆಗೇ ಹೋಗಿ. ಹಳೇ ಕಾಲದಿಂದ ಬಳಸುವುದು ಆಲೆ ಮರ (ಆಲದ ಮರ ಅಲ್ಲ). ಬಿಳಿ, ಮೆತ್ತಗೆ. ಲೇತ್‌ನಲ್ಲಿ ಗಿರ್ರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಕುಂಚವಿಲ್ಲ, ಒಣಗಿಸುವುದಿಲ್ಲ. ಎಲ್ಲವನ್ನೂ ಬಾಯಿಗೆ ಹಾಕಿಯೇ ಪರೀಕ್ಷಿಸುವ ವಯಸ್ಸಿನವರಿಗೆ ಕೊಳ್ಳುವಾಗ ಅರಗಿನದೋ, ಪೇಂಟಿನದೋ ಅಂತ ಕೇಳಿ ಕೊಳ್ಳಿ.

ನಮಗೆ ಬೇಕಿದ್ದದ್ದು ಮೂರು ಗಾಲಿಯ ತಳ್ಳುಗಾಡಿ, ಮಗು ಹಿಂದೆ ನಿಂತು ಹಿಡಿದು ತಳ್ಳಿಕೊಂಡು ಹೋಗುವುದು. ಒಳಗೆ ಕೂರಿಸುವ ಪ್ಲಾಸ್ಟಿಕ್ ವಾಕರ್ ಬೇಡ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಮೆಟ್ಟಿಲಿನಿಂದ ಉರುಳುತ್ತವೆ ಅಂತ ಕೆನಡಾ 2004ರಲ್ಲೇ ಅವನ್ನು ನಿಷೇಧಿಸಿದೆ. ಗಾಡಿ ಕಡೆಯುವ ಹಿರಿಯರು ಪುಟ್ಟಿಯನ್ನು ನೋಡಿದರು. ಅವಳು ಅಷ್ಟರಲ್ಲಿ ಲೇತ್ ನಿಲ್ಲಿಸಿದ್ದ ಮೂಲೆಯ ಕಡೆ ಹೊರಟು, ಕಾಲಡಿಯ ಮರದ ಸುರುಳಿಯಲ್ಲಿ ಎರಡೂ ಕೈ ಅದ್ದಿದ್ದಳು. "ಇದ್ಕೆ ಗಾಡಿ ಈಗ್ಲೇ ಬ್ಯಾಡಮ್ಮ, ಇನ್ನೆರಡು ತಿಂಗ್ಳು ಬುಟ್ಟು ಬನ್ನಿ. ಈಗ ಒಂದು ಗಿಲಕಿ ತಕೊಂಡೋಗಿ" ಅಂದರು. ವ್ಯಾಪಾರದ ಮಾತೇ ಅಲ್ಲ. ಅತ್ತೆಗೆ ಅವರ ಮೇಲೆ ಎಷ್ಟು ಗೌರವ ಬಂತೆಂದರೆ ಗಿಲಕಿಯೂ ತೆಗೆದುಕೊಂಡರು, ಗಾಡಿಯೂ ತೆಗೆದುಕೊಂಡರು.

ಹುಟ್ಟುಹಬ್ಬಕ್ಕೆ ಇನ್ನು ಮೂರು ವಾರ. ಕೇಕ್ ಅವತ್ತೇ ಕತ್ತರಿಸುವುದೋ, ಏಳು ವಾರ ಬಿಟ್ಟು ಇನ್ನೊಂದು ಸಲ ಕತ್ತರಿಸುವುದೋ ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ಎರಡೂ ಸಲ ಅನ್ನುವವರೇ ಹೆಚ್ಚು. ಗಾಡಿ ಹಾಲ್‌ನ ಮೂಲೆಯಲ್ಲಿ ನಿಂತಿದೆ. ಪುಟ್ಟಿ ಇನ್ನೂ ಅದನ್ನು ಹಿಡಿದು ಎದ್ದಿಲ್ಲ. ಅಂಬೆಗಾಲಲ್ಲಿ ಹೋಗಿ, ಅದರ ಹಳದಿ ಗಾಲಿಯನ್ನು ಒಂದು ಬೆರಳಿಂದ ತಿರುಗಿಸಿ, ಅದು ನಿಲ್ಲುವವರೆಗೂ ನೋಡುತ್ತಾ ಕೂರುತ್ತಾಳೆ.