ನಡುವಿನ ಕಟ್ಟು

ಉತ್ತರಪತ್ರಿಕೆ ತಿದ್ದಲು ಕುಳಿತವನಿಗೆ ಎರಡು ಬಗೆಯ ವಿದ್ಯಾರ್ಥಿಗಳ ಮೇಲೆ ಪ್ರೀತಿ ಹುಟ್ಟುವುದುಂಟು: ಬಹಳ ಚೆನ್ನಾಗಿ ಬರೆದವರು ಮತ್ತು ಏನನ್ನೂ ಬರೆಯದವರು. ಇಬ್ಬರೂ ನಮ್ಮನ್ನು ಕಾಡುವುದಿಲ್ಲ. ಕಾಟವೆಲ್ಲ ನಡುವಿನ ಕಟ್ಟಿನದು. ಗೋಕಾಕದಲ್ಲಿ ಕನ್ನಡ ಕಲಿಸತೊಡಗಿ ಹದಿನೆಂಟು ವರ್ಷವಾಯಿತು. ಆ ನಡುವಿನ ಕಟ್ಟನ್ನು ನ್ಯಾಯವಾಗಿ ತೂಗುವ ತಕ್ಕಡಿ ನನಗಿನ್ನೂ ಸಿಕ್ಕಿಲ್ಲ. ಒಮ್ಮೆ ನಾನು 31 ಅಂಕ ಕೊಟ್ಟ ಪತ್ರಿಕೆಗೆ ಇನ್ನೊಬ್ಬರು 54 ಕೊಟ್ಟಿದ್ದರು. ನಿಯಮದಂತೆ ಅದು ಮೂರನೆಯವರ ಕೈಗೆ ಹೋಯಿತು. ಆ ಹುಡುಗ ಯಾರೋ, ಏನಾದನೋ! ನಾನದನ್ನು ಮಧ್ಯಾಹ್ನದ ಊಟವಾದ ಮೇಲೆ ತಿದ್ದಿದ್ದೆ ಎಂಬುದಷ್ಟೇ ನೆನಪಿದೆ.

ಕಳೆದ ದೀಪಾವಳಿಗೆ ಮೂಡಲಗಿ ಕಡೆಯ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಾಗ ಇದೆಲ್ಲ ಮತ್ತೆ ಮನಸ್ಸಿಗೆ ಬಂತು. ಆಕೆ ಈಗ ಹಾವಿನ ವಿಷವನ್ನು ಕುರಿತು ಸಂಶೋಧನೆ ಮಾಡುತ್ತಾಳೆ. ಕಾರಣ ನನಗೆ ಗೊತ್ತು. ರಾತ್ರಿ ಕರೆಂಟು ಬಂತೆಂದು ಕಬ್ಬಿಗೆ ನೀರು ಹಾಯಿಸಲು ಹೋದ ಅವಳ ತಂದೆಗೆ ಕೊಳಕುಮಂಡಲ ಕಚ್ಚಿತ್ತು. ಮದ್ದು ಕೊಟ್ಟರು, ಬಾಟಲಿಯ ಮೇಲೆ ಬಾಟಲಿ ಏರಿಸಿದರು. ಮೂತ್ರಪಿಂಡ ಸೋತು ಹನ್ನೊಂದನೆಯ ದಿನ ಅವರು ತೀರಿಕೊಂಡರು. ಆಗ ಅವಳು ಪಿ.ಯು. ಎರಡನೆಯ ವರ್ಷದಲ್ಲಿದ್ದಳು.

ನಮ್ಮ ದೇಶದಲ್ಲಿ ಹಾವಿನ ಕಡಿತಕ್ಕೆ ಕೊಡುವ ಮದ್ದು ನಾಲ್ಕು ಹಾವುಗಳ ವಿಷದಿಂದ ತಯಾರಾಗುತ್ತದೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆ ವಿಷ ಬಹುಮಟ್ಟಿಗೆ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುವಂಥದು. ಆದರೆ ಒಂದೇ ಜಾತಿಯ ಹಾವಾದರೂ ಸೀಮೆ ಬದಲಾದರೆ ವಿಷದ ಗುಣ ಬದಲಾಗುತ್ತದೆ. ಅಲ್ಲಿಯ ವಿಷಕ್ಕೆಂದು ಮಾಡಿದ ಮದ್ದು ಇಲ್ಲಿಯ ವಿಷಕ್ಕೆ ಅಷ್ಟೇ ಬಲವಾಗಿ ನಾಟಬೇಕೆಂದಿಲ್ಲ. ಘಟಪ್ರಭೆಯ ದಂಡೆಯ ಕಬ್ಬಿನ ಗದ್ದೆಗಳ ಮಂಡಲದ ವಿಷವನ್ನು ತೆಗೆದು ಪರೀಕ್ಷಿಸಬೇಕು ಎಂಬುದೇ ಅವಳ ಅರ್ಜಿ. ಮೂರು ವರ್ಷಕ್ಕೆ ಹಣ ಬೇಡಿದ್ದಳು. ಹಣ ಕೊಡುವ ಸರಕಾರಿ ಸಂಸ್ಥೆಯ ಹೆಸರು ಇಲ್ಲಿ ಬೇಡ.

“ಸರ, ನಂದು ಬಿತ್ರಿ” ಎಂದಳು.

ಅರ್ಜಿ ಮೊದಲು ಕಚೇರಿಯಲ್ಲಿ ಸೋಸಲ್ಪಟ್ಟು, ಆಮೇಲೆ ಇಬ್ಬರು ಮೂವರು ತಜ್ಞರಿಗೆ ಹೋಗಿ, ಅವರ ಅಭಿಪ್ರಾಯದೊಡನೆ ಸಮಿತಿಯ ಮುಂದೆ ಬರುತ್ತದಂತೆ. ಮೇಲಿನಿಂದ ಹಣ ಹಂಚುತ್ತ ಬಂದು, ಹಣ ಮುಗಿದಲ್ಲಿ ಗೆರೆ ಎಳೆಯುತ್ತಾರೆ. ಅವಳ ಅರ್ಜಿ ಗೆರೆಯ ಕೆಳಗೆ ಉಳಿಯಿತು. ಒಬ್ಬ ತಜ್ಞರು ತುರ್ತಾಗಿ ಆಗಬೇಕಾದ ಕೆಲಸವೆಂದು ಬರೆದಿದ್ದರು. ಇನ್ನೊಬ್ಬರು ಒಂದು ಜಿಲ್ಲೆಗೆ ಸೀಮಿತ, ಹೊಸತನ ಸಾಲದು ಎಂದಿದ್ದರು.

“ಇಬ್ರೂ ಓದಿದ್ದು ಒಂದ ಅರ್ಜಿ ಏನ್ರಿ ಸರ?” ಎಂದು ಕೇಳಿದಳು. ನನಗೆ 31 ಮತ್ತು 54 ಕಣ್ಣಮುಂದೆ ನಿಂತವು.

ಒಂದು ಜಿಲ್ಲೆ ಎಂಬ ಮಾತು ಮಾತ್ರ ನನಗೆ ಸರಿಬೀಳಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಸತ್ತರು. ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ ತೆರೆದ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣುವನ್ನು ಹಿಡಿದರು. ಒಂದು ಕಾಡಿನ ಹೆಸರು ಹೊತ್ತ ಆ ರೋಗ ಈಗ ಕೇರಳ, ಗೋವೆ, ಮಹಾರಾಷ್ಟ್ರಗಳನ್ನೂ ಮುಟ್ಟಿದೆ. ಹಾವಿನ ಮಾತಂತೂ ಹೇಳಬೇಕಾದ್ದೇ ಇಲ್ಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂದು ಒಂದು ಅಂದಾಜು. ನಮ್ಮ ರಾಜ್ಯ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಆ ಎರಡನೆಯ ತಜ್ಞರನ್ನು ಬಯ್ಯಲು ನನಗೆ ಬಾಯಿ ಬರಲೊಲ್ಲದು. ಅವರ ಮುಂದೆ ಕ್ಷಯವಿತ್ತು, ಕ್ಯಾನ್ಸರ್ ಇತ್ತು, ಹಸುಗೂಸುಗಳ ಜ್ವರವಿತ್ತು. ಹಣ ಜನರದು, ಅದೂ ಅಳತೆಯದು. ಸಿರಿವಂತ ಅಮೇರಿಕೆಯಲ್ಲೂ ಇದೇ ಪಾಡು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ತಜ್ಞರು 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 1 ಬಂದರೆ ಉತ್ತಮ, 9 ಬಂದರೆ ಕಡೆ. (ನಮ್ಮ ಹುಡುಗರಿಗೆ ಈ ಪದ್ಧತಿ ಬಹಳ ಹಿಡಿಸೀತು.) ಅಲ್ಲಿ ಆಗಲೇ ಹಣ ಪಡೆದಿದ್ದ 25 ಅರ್ಜಿಗಳನ್ನು ವಿಸ್ಕಾನ್ಸಿನ್ನಿನ ಸಂಶೋಧಕರು 43 ತಜ್ಞರಿಗೆ ಹಂಚಿ ಮತ್ತೆ ತೂಗಿಸಿದರು. ಫಲಿತಾಂಶ 2018ರಲ್ಲಿ ಅಚ್ಚಾಯಿತು. ಒಂದೇ ಅರ್ಜಿಗೆ ಇಬ್ಬರು ಕೊಟ್ಟ ಅಂಕಗಳ ನಡುವಿನ ಹೊಂದಿಕೆ, ಬೇರೆ ಬೇರೆ ಅರ್ಜಿಗಳಿಗೆ ಬಿದ್ದ ಅಂಕಗಳ ನಡುವಿನ ಹೊಂದಿಕೆಗಿಂತ ಹೆಚ್ಚಾಗಿರಲಿಲ್ಲ! ಅವೆಲ್ಲ ಒಳ್ಳೆಯ ಅರ್ಜಿಗಳು. ಅಂದರೆ ಒಂದಕ್ಕಿಂತ ಒಂದು ಮಿಗಿಲೆನ್ನಲು ಬಾರದ ಕಟ್ಟು.

ಹುಕ್ಕೇರಿ ತಾಲ್ಲೂಕಿನ ನನ್ನ ತಾಯಿಯ ತವರಿನಲ್ಲಿ ಜಾತ್ರೆಯ ಪಲ್ಲಕ್ಕಿಗೆ ಹೆಗಲು ಕೊಡುವ ಸರದಿಗೆ ಮನೆತನಗಳು ಜಗಳಾಡಿದರೆ, ಹಿರಿಯರು ಮೊದಲು ಅರ್ಹರಲ್ಲದವರನ್ನು ಬಿಡುತ್ತಿದ್ದರು. ಉಳಿದವರ ಹೆಸರು ಚೀಟಿಯಲ್ಲಿ ಬರೆದು ಕೂಸಿನ ಕೈಯಿಂದ ಎತ್ತಿಸುತ್ತಿದ್ದರು. ಸೋತವನು ಮುಖ ಸಣ್ಣದು ಮಾಡಿದರೂ “ನನಗ ಯೋಗ್ಯತಿ ಇಲ್ಲಂದ್ರು” ಎಂದು ಕೊರಗಬೇಕಾಗಿರಲಿಲ್ಲ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ಒಂದು ಬಗೆಯ ಅನುದಾನಕ್ಕೆ ಹೀಗೆಯೇ ಚೀಟಿ ಎತ್ತತೊಡಗಿತು. ಸ್ವಿಟ್ಜರ್ಲೆಂಡಿನ ವಿಜ್ಞಾನ ಪ್ರತಿಷ್ಠಾನ 2021ರಲ್ಲಿ, ಸಮಸಮ ಬಿದ್ದ ಅರ್ಜಿಗಳ ಮಟ್ಟಿಗೆ ಅದೇ ದಾರಿ ಹಿಡಿಯಿತು. ಇದನ್ನು ಹೇಳಿದಾಗ ಶಿಷ್ಯೆ ನಕ್ಕಳು, ಅರ್ಧ ಗಳಿಗೆ ಸುಮ್ಮನಿದ್ದು, “ಚೀಟಿ ಬರದಿದ್ರ ನಮ್ಮಪ್ಪನ ಹೊಲಕ್ಕ ಯಾವ ಸಮಾಧಾನ ಹೇಳ್ಲಿ ಸರ?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಮತ್ತೆ ಅರ್ಜಿ ಹಾಕುತ್ತಾಳೆ. ಸಾಮಾನ್ಯರಿಗೆ ತಿಳಿಯುವಂತೆ ಬರೆಯಬೇಕಾದ ಒಂದು ಪುಟವನ್ನು ಮೊದಲು ಕನ್ನಡದಲ್ಲೇ ಬರೆದು ತಂದಿದ್ದಳು. “ತಿದ್ದಿ ಕೊಡ್ರಿ” ಎಂದು ಮೇಜಿನ ಮೇಲಿಟ್ಟಳು. ಒಳಗಿನಿಂದ ಊಟಕ್ಕೆ ಕರೆ ಬಂದಿತ್ತು. ಅವರೆಲ್ಲ ಉಣ್ಣಲಿ ಎಂದು ಹೇಳಿ, ನಾನು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದೆ.