ಯಾಕೋ ಹೀಗೆ ಕುಲುಕ್ತಿದೆ?

ಕಳೆದ ಮೇನಲ್ಲಿ ಅಕ್ಕನ ಮಗುವಿನ ನಾಮಕರಣಕ್ಕೆ ಅಮ್ಮನನ್ನು ದೆಹಲಿಗೆ ಕರ್ಕೊಂಡು ಹೋದೆ. ಅಮ್ಮ ವಿಮಾನ ಹತ್ತಿದ್ದು ಅದೇ ಮೊದಲು. ಅರ್ಧ ದಾರೀಲಿ ಕುಲುಕಾಟ ಶುರುವಾಯ್ತು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, "ಎಂಜಿನಿಯರಿಂಗ್ ಓದ್ತಿದೀಯಲ್ಲ, ಯಾಕೋ ಹೀಗೆ ಕುಲುಕ್ತಿದೆ?" ಅಂದ್ರು.

"ಟರ್ಬುಲೆನ್ಸ್ ಅಮ್ಮ" ಅಂದೆ. ಅಮ್ಮ ಸುಮ್ಮನಾದ್ರು, ಕೈ ಮಾತ್ರ ಬಿಡ್ಲಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ರೆನಾಲ್ಡ್ಸ್ ನಂಬರ್ ಬರೆದು ಮಾರ್ಕ್ಸ್ ತಗೊಂಡವನು ನಾನು. ಪಕ್ಕದಲ್ಲಿ ಹೆದರಿ ಕೂತವರಿಗೆ ಕನ್ನಡದಲ್ಲಿ ಎರಡು ವಾಕ್ಯ ಹೇಳೋಕೆ ಆಗ್ಲಿಲ್ಲ.

ಅಕ್ಕನ ಮನೇಲಿ ಮಗು ಮಲಗಿದಾಗೆಲ್ಲ ಇದನ್ನೇ ಓದಿದೆ. ವಾಪಸ್ ಬರುವಾಗ ಅಮ್ಮನಿಗೆ ಹೇಳಿದ್ದು ಇಷ್ಟು.

ಪೈಲಟ್‌ಗಳು ಹೊರಡೋ ಮುಂಚೆನೇ ಗಾಳಿ, ಮೋಡದ ನಕ್ಷೆ ನೋಡಿರ್ತಾರೆ. ವಿಮಾನದ ಮೂತಿಯಲ್ಲಿ ರೇಡಾರ್ ಇರುತ್ತೆ. ಅದಕ್ಕೆ ಕಾಣೋದು ಗಾಳಿ ಅಲ್ಲ, ಮಳೆಹನಿ. ದೊಡ್ಡ ಮೋಡದ ನೆತ್ತಿಯಲ್ಲಿ ಒಣ ಐಸ್ ಹರಳುಗಳಿರುತ್ತವೆ, ಅವು ಸರಿಯಾಗಿ ಕಾಣಲ್ಲ. ಅದಕ್ಕೇ ಆಂಟೆನಾ ಸ್ವಲ್ಪ ಕೆಳಗೆ ಬಗ್ಗಿಸಿ ಮೋಡದ ಹೊಟ್ಟೆ ನೋಡ್ತಾರೆ. ಜೋರು ಗುಡುಗು ಮೋಡ ಇದ್ರೆ 20 ನಾಟಿಕಲ್ ಮೈಲಿ, ಅಂದ್ರೆ ಸುಮಾರು 37 ಕಿಲೋಮೀಟರ್ ದೂರದಿಂದಲೇ ಸುತ್ತಿ ಹೋಗೋದು ರೂಢಿ.

ತಲೆನೋವು ಇರೋದು ಮೋಡವೇ ಇಲ್ಲದ ಕಡೆ. ಜೆಟ್ ಸ್ಟ್ರೀಮ್ ಹತ್ತಿರ ಗಾಳಿಯ ಪದರಗಳು ಬೇರೆ ಬೇರೆ ವೇಗದಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಹೋಗ್ತವೆ. ಹನಿ ಇಲ್ಲ, ಹಾಗಾಗಿ ರೇಡಾರ್ ಖಾಲಿ. ಆಗ ಮುಂದೆ ಹೋದ ವಿಮಾನದವರು ರೇಡಿಯೋದಲ್ಲಿ ಹೇಳಿದ್ದೇ ದಾರಿದೀಪ. ಚಾರ್ಮಾಡಿ ಘಾಟಿಯಲ್ಲಿ ಎದುರು ಬರೋ ಲಾರಿಯವರು ಲೈಟ್ ಮಿಣುಕಿಸ್ತಾರಲ್ಲ, ಹಾಗೆ. ಹಿಂದೆ ಬರೋರು ಎತ್ತರ ಬದಲಿಸೋಕೆ ಪರ್ಮಿಷನ್ ಕೇಳ್ತಾರೆ.

ಸಿಕ್ಕಿಹಾಕಿಕೊಂಡ್ರೆ ಸ್ಪೀಡ್ ಇಳಿಸ್ತಾರೆ, ಹಂಪ್ ಬಂದಾಗ ಬಸ್ ಡ್ರೈವರ್ ಮಾಡೋ ಥರ. ತೀರಾ ಇಳಿಸಿದ್ರೆ ಸ್ಟಾಲ್ ಭಯ, ಹಾಗಾಗಿ ಎಷ್ಟು ವೇಗ ಅಂತ ಮೊದಲೇ ಗೊತ್ತುಮಾಡಿರ್ತಾರೆ. ನಾನು ಸಿನಿಮಾ ನೋಡಿ ಪೈಲಟ್ ಕಂಟ್ರೋಲ್ ಹಿಡಿದು ಗುದ್ದಾಡ್ತಾರೆ ಅಂದ್ಕೊಂಡಿದ್ದೆ. ಸಾಮಾನ್ಯವಾಗಿ ಆಟೋಪೈಲಟ್ ಆನ್ ಇರುತ್ತೆ, ಎತ್ತರ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಆಗ್ಲಿ ಅಂತ ಬಿಡ್ತಾರೆ. ರೆಕ್ಕೆ ಬಾಗೋದೂ ಡಿಸೈನೇ. 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಬೇಕಂತಲೇ ಬಗ್ಗಿಸಿದಾಗ, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಲೋಡ್‌ನ ಶೇ. 154ರಲ್ಲಿ ಮುರೀತು.

2024ರ ಮೇನಲ್ಲಿ ಲಂಡನ್–ಸಿಂಗಾಪುರ ವಿಮಾನ ಮ್ಯಾನ್ಮಾರ್ ಮೇಲೆ ಕುಸಿದು, ಬೆಲ್ಟ್ ಹಾಕದವರು ಸೀಟಿಂದ ಎಗರಿದ ಕಥೆ ಮಾತ್ರ ಹೇಳ್ಲಿಲ್ಲ.

ಅಮ್ಮ ಎಲ್ಲ ಕೇಳಿ, "ಹಾಗಾದ್ರೆ ಕಾಣದೇ ಇರೋದು ಬಂದ್ರೆ?" ಅಂದ್ರು.

"ಬೆಲ್ಟ್ ಹಾಕ್ಕೊಂಡಿದ್ರೆ ಆಯ್ತಮ್ಮ."

ಆಗಷ್ಟೇ ಬೆಲ್ಟ್ ಲೈಟ್ ಆರಿತ್ತು. ಅಮ್ಮ ನನ್ನ ಮಡಿಲು ನೋಡಿ, "ಮತ್ತೆ ನಿಂದ್ಯಾಕೆ ಬಿಚ್ಚಿದೀಯ?" ಅಂದ್ರು.