ಆಡು ಮುಟ್ಟದ ಸೊಪ್ಪು

ನಮ್ಮಕ್ಕನ ಮೊಮ್ಮಗಳು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಬುಕ್ಕಾಪಟ್ಟಣಕ್ಕೆ ಬಂದವಳು, ಬೆಳಗಿನ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಸುದ್ದಿ ಹೇಳಿದಳು: "ತಾತ, ನಾನು ಮುಂದಕ್ಕೆ ಕ್ರಿಯೇಟಿವ್ ರೈಟಿಂಗ್ ಓದ್ತೀನಿ. ಅದರಲ್ಲೂ ಪರಿಸರದ್ದು."

ಒಳಗೆ ರೊಟ್ಟಿ ತಟ್ಟುತ್ತಿದ್ದ ಅಕ್ಕನಿಗೆ ಕೇಳಿಸಿತು. "ಬರೆಯೋದನ್ನ ಒಂದನೇ ಕ್ಲಾಸಲ್ಲೇ ಕಲಿಸಿದ್ರಲ್ಲೇ! ಇನ್ನೇನು ಬಾಕಿ ಐತೆ?"

ನಾನು ನಕ್ಕೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿ ಪರಿಸರದ ಮೇಲಿನ ಪ್ರಬಂಧಗಳನ್ನು ರಾಶಿ ರಾಶಿ ತಿದ್ದಿದವನು ನಾನು. ಎಲ್ಲವೂ ಒಂದೇ ಗೈಡಿನಿಂದ ಇಳಿದವು: "ಪರಿಸರ ಎಂದರೆ ನಮ್ಮ ಸುತ್ತಮುತ್ತಲಿನ..." ಎಂದೇ ಶುರು. ತನ್ನ ಸುತ್ತಮುತ್ತ ಏನಿದೆ ಎಂದು ಒಬ್ಬನಾದರೂ ಬರೆದಿದ್ದರೆ ಹತ್ತಕ್ಕೆ ಹನ್ನೊಂದು ಕೊಡುತ್ತಿದ್ದೆ.

ಹುಡುಗಿ ಮೊಬೈಲು ತೆಗೆದು ತೋರಿಸಿದಳು. ಅಮೆರಿಕದ ಅಯೋವಾ ಸೀಮೆ, ಏಮ್ಸ್ ಅನ್ನುವ ಊರು, ಅಲ್ಲಿಯ ವಿಶ್ವವಿದ್ಯಾಲಯ. ಸೃಜನಶೀಲ ಬರವಣಿಗೆ ಮತ್ತು ಪರಿಸರ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ ಸ್ನಾತಕೋತ್ತರ ಪದವಿ. ಕತೆ, ಕವಿತೆ ಬರೆದರಷ್ಟೇ ಸಾಲದು, ಹೊರಗೆ ಹೋಗಿ ಕೈ ಕೆಸರು ಮಾಡಿಕೊಂಡು ಬರಬೇಕು. ಅಯೋವಾ ಎಂದರೆ ಮುಸುಕಿನ ಜೋಳದ ಸೀಮೆ. ಬರೆಯುವುದನ್ನು ಕಾಲೇಜಿನಲ್ಲಿ ಕಲಿಸುತ್ತೇವೆ ಎಂದು 1936ರಲ್ಲೇ ಕಮ್ಮಟ ತೆರೆದು ಕೂತದ್ದೂ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ. ಜೋಳ ಬೆಳೆಯುವ ಕಡೆ ಕವಿಗಳನ್ನೂ ಬೆಳೆಯಬಹುದಾದರೆ, ರಾಗಿ ಬೆಳೆಯುವ ಕಡೆ ಯಾಕಾಗಬಾರದು?

"ಬರವಣಿಗೆ ಕಲಿಸಿದರೆ ಬರುತ್ತದೆಯೇ?" ಎಂದು ಕೇಳುವವರಿಗೆ ನಾನು ಅಯೋವಾದವರೆಗೆ ಹೋಗುವುದಿಲ್ಲ. ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ನಮ್ಮ ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಓದದೆ ಕನ್ನಡ ಎಂ.ಎ. ದಾಟಿದವರು ಕಡಿಮೆ. ನಾವು ಅದನ್ನು ಪರೀಕ್ಷೆಗೆಂದು ಉರು ಹೊಡೆದೆವು, ಪಾಸಾದ ಮೇಲೆ ಮರೆತೆವು. ಉತ್ತರ ಅದರಲ್ಲೇ ಇತ್ತು. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಮಮ್ಮಟ ಕವಿಗೆ ಮೂರು ಬೇಕು ಅಂದ. ಒಂದು, ಹುಟ್ಟಿನಿಂದ ಬಂದ ಶಕ್ತಿ. ಎರಡು, ಲೋಕವನ್ನೂ ಶಾಸ್ತ್ರವನ್ನೂ ಕಾವ್ಯವನ್ನೂ ನೋಡಿ ಗಳಿಸಿದ ನಿಪುಣತೆ. ಮೂರು, ಕಾವ್ಯ ಬಲ್ಲವರ ಹತ್ತಿರ ಕಲಿತು ಮಾಡುವ ಅಭ್ಯಾಸ. ಮೂರನೆಯದೇ ಈಗಿನ ಕಮ್ಮಟ. ಎರಡನೆಯದರಲ್ಲಿ ಬರುವ 'ಲೋಕ'ಕ್ಕೆ ಅವನೇ ಅರ್ಥ ಕೊಟ್ಟಿದ್ದಾನೆ: ಸ್ಥಾವರ, ಜಂಗಮ. ಅಂದರೆ ಮರ, ಕಲ್ಲು, ಕುರಿ, ಕುರುಬ. ಹುಡುಗಿ ಹೇಳುವ ಕೋರ್ಸಿನ ಸಿಲೆಬಸ್ಸು ಇದೇ ಅಲ್ಲವೇ?

ಆದರೂ ನಮ್ಮವರಿಗೆ ಲೋಕ ನೋಡುವುದಕ್ಕಿಂತ ಕವಿಸಮಯ ಸುಲಭ. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ಹಾಲು ನೀರು ಬೇರೆ ಮಾಡುತ್ತದೆ, ಹೆಣ್ಣು ಒದ್ದರೆ ಅಶೋಕ ಹೂ ಬಿಡುತ್ತದೆ. ನಮ್ಮ ಕಡೆ ಚಕೋರನ ನೆಂಟ ಗೌಜಲಹಕ್ಕಿ ಇದೆ. ಬೆಳದಿಂಗಳು ಕುಡಿದದ್ದನ್ನು ಯಾರೂ ಕಂಡಿಲ್ಲ, ಗೆದ್ದಲು ತಿಂದದ್ದನ್ನು ಎಲ್ಲರೂ ಕಂಡಿದ್ದಾರೆ.

ಬೇರೆಯವರನ್ನು ಯಾಕೆ ಅನ್ನಲಿ? ಕಾಲೇಜಿನಲ್ಲಿ ನನಗೊಂದು ಕವಿತೆಗೆ ಬಹುಮಾನ ಬಂದಿತ್ತು. ವಸ್ತು: ಆಗುಂಬೆಯ ಮಂಜು. ಆಗ ನಾನು ಆಗುಂಬೆ ನೋಡಿರಲಿಲ್ಲ. ಮಂಜು ಎಂದರೆ ಐಸ್‌ಕ್ಯಾಂಡಿ ಡಬ್ಬಿ ತೆಗೆದಾಗ ಬರುವ ಹೊಗೆಯಷ್ಟೇ ಗೊತ್ತಿತ್ತು. ತಪ್ಪು ನನ್ನೊಬ್ಬನದೇ ಅಲ್ಲ. ಕನ್ನಡದಲ್ಲಿ ಪರಿಸರ ಅಂದರೆ ಮಳೆ. ಕಾರಂತರ 'ಬೆಟ್ಟದ ಜೀವ', ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', ತೇಜಸ್ವಿಯವರ 'ಕರ್ವಾಲೊ': ಪುಟ ಹಿಂಡಿದರೆ ನೀರು ಬರುತ್ತದೆ. ಎಲ್ಲವೂ ಚಿನ್ನದಂಥ ಪುಸ್ತಕಗಳೇ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರು ದಾಟಿ ಮಳೆ. ನಮ್ಮ ಶಿರಾ ಸೀಮೆಗೆ ಅದರ ಹತ್ತರಲ್ಲೊಂದು ಪಾಲು ಬಿದ್ದರೆ ಆ ವರ್ಷ ಹಬ್ಬ. ಅವರ ಮಳೆ ಓದಿ ಓದಿ, ನಮ್ಮ ಕಣ್ಣಿಗೆ ನಮ್ಮ ಕಾಡು ಕಾಡೇ ಅಲ್ಲದಂತಾಯಿತು. ಬೋಳು, ಬೀಳು, ಕುರುಚಲು. ಇಟ್ಟ ಹೆಸರೆಲ್ಲ ಬೈಗುಳವೇ.

ಆ ಕುರುಚಲಿನಲ್ಲೇ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕ್ಯಾಮೆರಾ ಕಟ್ಟಿದಾಗ ಚಿಂಕಾರ ಸಿಕ್ಕಿಬಿತ್ತು. ಕೃಷ್ಣಮೃಗ, ಕೊಂಡುಕುರಿ ಕೂಡ ಇಲ್ಲೇ ಇವೆ. ಮೂರು ಜಾತಿಯ ಹುಲ್ಲೆ ಒಂದೇ ಕಾಡಿನಲ್ಲಿ! 2019ರಲ್ಲಿ ಸುಮಾರು 136 ಚದರ ಕಿಲೋಮೀಟರು ಕಾಡು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವಾಯಿತು. ಸೊಪ್ಪಿನ ತೇವ, ಇಬ್ಬನಿಯಲ್ಲೇ ದಿನಗಟ್ಟಲೆ ದಾಹ ತೀರಿಸಿಕೊಳ್ಳಬಲ್ಲ ಪ್ರಾಣಿ ಚಿಂಕಾರ. ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು. ನಾನು ಆಗುಂಬೆಯ ಮಂಜು ಬರೆಯುವಾಗ ಅದು ನಮ್ಮ ಹಿತ್ತಲಾಚೆ ನಿಂತು ನನ್ನನ್ನು ನೋಡುತ್ತಿತ್ತೋ ಏನೋ.

"ಬಾ, ನಿನ್ನ ಕೋರ್ಸಿನ ಮೊದಲನೇ ಕ್ಲಾಸು" ಎಂದು ಹುಡುಗಿಯನ್ನು ಕಾಡಂಚಿಗೆ ಕರೆದುಕೊಂಡು ಹೋದೆ. ಅವಳ ಕೈಯಲ್ಲಿ ಹೊಸ ನೋಟ್‌ಬುಕ್ಕು. ಆಡು ಬಿಟ್ಟುಕೊಂಡು ನಮ್ಮ ಹಳೇ ಪರಿಚಯದ ಹಟ್ಟಿಯ ಹಿರಿಯ ನಿಂತಿದ್ದ, ಹೆಗಲಿಗೆ ಕಂಬಳಿ, ಕೈಯಲ್ಲಿ ದೋಟಿ. ಹುಡುಗಿ ನುಣುಪು ಎಲೆಯ ಗಿಡವೊಂದನ್ನು ತೋರಿಸಿ, "ಅಜ್ಜಾ, ಇದೇನು?" ಅಂದಳು.

"ಬಂದರೆ ಕಣವ್ವ."

"ಇದನ್ನ ಆಡು ತಿನ್ನುತ್ತಾ?"

"ಮೂಸಿಯೂ ನೋಡಾಕಿಲ್ಲ."

"ಅದು?"

"ತಂಗಡಿ. ಅದ್ನೂ ಮುಟ್ಟಾಕಿಲ್ಲ. ಮನೆ ಹತ್ರ ಆಡುಸೋಗೆ ಐತಲ್ಲ, ಅದಂತೂ ಕೇಳಲೇಬೇಡ."

ನನ್ನ ಮೇಷ್ಟ್ರುತನ ಸುಮ್ಮನಿರಬೇಕಲ್ಲ. "ಅಲ್ಲಯ್ಯಾ, ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆನೇ ಐತಲ್ಲ?" ಎಂದೆ.

ಅವನು ದೋಟಿಯಿಂದ ಜಾಲಿಕಾಯಿ ಉದುರಿಸುತ್ತಾ, ತಿರುಗಿಯೂ ನೋಡದೆ ಹೇಳಿದ: "ಗಾದೆ ಕಟ್ಟಿದೋನು ಆಡು ಕಾಯ್ದಿಲ್ಲ ಬಿಡಿ ಮೇಷ್ಟ್ರೇ."

ಮಮ್ಮಟನ ಕಾರಿಕೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ನಾನು ಓದಿಲ್ಲ. ಉದುರಿದ ಜಾಲಿಕಾಯಿಗೆ ಆಡುಗಳು ಮುಗಿಬಿದ್ದವು. ಪಕ್ಕದಲ್ಲೇ ಇದ್ದ ಬಂದರೆಗಿಡದ ಒಂದೆಲೆಯೂ ಅಲುಗಲಿಲ್ಲ. ಹುಡುಗಿ ಅದನ್ನು ಬರೆದುಕೊಂಡಳು.

ಈ ಹಟ್ಟಿಗಳಿಗೆ ಸಾಹಿತ್ಯ ಹೊಸದಲ್ಲ. ಕಾಡುಗೊಲ್ಲರು ಉದ್ದನೆಯ ಗಣೆ ನುಡಿಸುತ್ತಾ ರಾತ್ರಿಯೆಲ್ಲ ಹಾಡುವ ಜುಂಜಪ್ಪನ ಕಾವ್ಯದ ನಾಯಕ ರಾಜನಲ್ಲ, ದನ ಕಾಯುವವನು. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಬಾಯಲ್ಲಿ ಸಾವಿರಾರು ಪದ. ಅವನ್ನು ಕೂತು ಬರೆದುಕೊಂಡವರು ಕೃಷ್ಣಮೂರ್ತಿ ಹನೂರರು. ಇತ್ತ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತ ಕಾಡು ಸುತ್ತಿದ್ದೇ 'ಹಸುರು ಹೊನ್ನು' ಆಯಿತು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆ ಕ್ಲಾಸಿಗೆ ಪರಿಸರ ಸೃಜನಶೀಲ ಬರವಣಿಗೆ ಎಂದು ಯಾರೂ ಬೋರ್ಡು ಬರೆದಿರಲಿಲ್ಲ.

ಬರೆಯಲು ನಮ್ಮಲ್ಲಿ ಬರವೇ? ಅದೊಂದಕ್ಕೇ ಬರವಿಲ್ಲ. ನಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೇಮರಗಳಲ್ಲಿ ಬಾಣಂತನ ಮಾಡಿಕೊಂಡು ಹೋಗುತ್ತವೆ. ಮಧುಗಿರಿ ಕಡೆ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಜಿಗಿಯುತ್ತದೆ. ಪಾವಗಡದಲ್ಲಿ ಸುಮಾರು 13,000 ಎಕರೆ ಹೊಲ ಕಡಲೆಕಾಯಿ ಬಿಟ್ಟು ಬಿಸಿಲು ಬೆಳೆಯುತ್ತಿದೆ. ಹೊಲ ಗುತ್ತಿಗೆ ಕೊಟ್ಟು ಜಗಲಿ ಮೇಲೆ ಕೂತ ರೈತನ ಕೈ ಏನು ಮಾಡುತ್ತದೆ ಎಂಬುದೇ ಒಂದು ಕಾದಂಬರಿ.

ಸಂಜೆ ಮನೆಗೆ ಬಂದಾಗ ಅಕ್ಕ ಕೇಳಿದಳು: "ಕಲಿತಾಯ್ತೇನೇ ಬರೆಯೋದು?"

"ಇಲ್ಲಜ್ಜಿ. ಹನ್ನೊಂದು ಗಿಡದ ಹೆಸರು ಕಲಿತೆ."

ಅವಳು ಏಮ್ಸಿಗಾದರೂ ಹೋಗಲಿ, ತುಮಕೂರಿಗಾದರೂ ಹೋಗಲಿ, ನನ್ನ ಆಶೀರ್ವಾದವಿದೆ. ನಮ್ಮ ವಿಶ್ವವಿದ್ಯಾಲಯಗಳವರು ಇಂಥ ಎಂ.ಎ. ತೆರೆಯುವುದಾದರೆ ಪ್ರವೇಶ ಪರೀಕ್ಷೆಗೆ ಒಂದೇ ಪ್ರಶ್ನೆ ಸಾಕು: ನಿಮ್ಮೂರ ಬೀಳಿನಲ್ಲಿರುವ ಹತ್ತು ಗಿಡಗಳ ಹೆಸರು ಬರೆದು, ಆಡು ಮುಟ್ಟದವಕ್ಕೆ ಅಡಿಗೆರೆ ಎಳೆಯಿರಿ. ರಾತ್ರಿ ನಾನೇ ಒಂದು ಕಾಗದ ತೆಗೆದುಕೊಂಡು ಬರೆದು ನೋಡಿದೆ. ಆರಕ್ಕೆ ನಿಂತಿತು. ಅದರಲ್ಲಿ ಮೂರು ಅವತ್ತೇ ಕಲಿತವು.